ಕೆಳಗೆ ಅಂಗಡಿ, ಮೇಲೆ ಮನೆ

ಅಮೆರಿಕದ ಬಾಸ್ಟನ್ ನಗರ ನೋಡಹೋದವರಿಗೆ ದಾರಿ ಕೇಳುವ ಕಷ್ಟವಿಲ್ಲ. ಕಾಲುದಾರಿಯ ಮೇಲಿನ ಕೆಂಪು ಗೆರೆಯೊಂದನ್ನು ಹಿಡಿದು ಸುಮಾರು 4 ಕಿಲೋಮೀಟರು ನಡೆದರೆ ಊರಿನ ಹಲವು ಐತಿಹಾಸಿಕ ತಾಣಗಳು ಎದುರಾಗುತ್ತವೆ. ಸ್ಕೂಲ್ ಸ್ಟ್ರೀಟ್ ಬಂದು ವಾಷಿಂಗ್ಟನ್ ಸ್ಟ್ರೀಟನ್ನು ಕೂಡುವ ಮೂಲೆಯಲ್ಲಿ ಎತ್ತರದ ಕಟ್ಟಡಗಳ ನಡುವೆ ಕುಳ್ಳಗೆ ನಿಂತಿರುವ ಕೆಂಪಿಟ್ಟಿಗೆಯ ಮನೆಯೂ ಅವುಗಳಲ್ಲೊಂದು. ಹೆಸರು 'ಓಲ್ಡ್ ಕಾರ್ನರ್ ಬುಕ್‌ಸ್ಟೋರ್'.

ಹೆಸರು ಹೀಗಿದ್ದರೂ ಇದು ಹುಟ್ಟಿದ್ದು ಔಷಧದ ಅಂಗಡಿಯಾಗಿ. ಥಾಮಸ್ ಕ್ರೀಸ್ ಎಂಬ ಔಷಧ ವ್ಯಾಪಾರಿಗೆ ಇದೇ ನಿವೇಶನದಲ್ಲಿ ಹಳೆಯದೊಂದು ಮನೆಯಿತ್ತು. 1711ರ ಅಕ್ಟೋಬರಿನಲ್ಲಿ ಊರಿಗೆ ಬಿದ್ದ ಬೆಂಕಿಯಲ್ಲಿ ಅದು ಸುಟ್ಟುಹೋಯಿತು. 1718ರಲ್ಲಿ ಆತ ಮತ್ತೆ ಕಟ್ಟಿಸಿದಾಗ ಗೋಡೆಗಳು ಇಟ್ಟಿಗೆಯವು. ಗೂಡಿನಲ್ಲಿ ಒಮ್ಮೆ ಬೆಂದುಬಂದ ಇಟ್ಟಿಗೆ ಮತ್ತೆ ಹೊತ್ತಿಕೊಳ್ಳುವುದಿಲ್ಲವಷ್ಟೆ! ಕೆಳಗೆ ಅಂಗಡಿ, ಮೇಲೆ ವಾಸ.

ಮಾಡನ್ನು ನೋಡಬೇಕು. ಎರಡೂ ಬದಿಯ ಇಳಿಜಾರು ನಡುವೆ ಒಮ್ಮೆ ಮುರಿದಿದೆ. ಮೇಲ್ಭಾಗ ಸಾಧಾರಣ ಓರೆ, ಕೆಳಭಾಗ ಬಹಳ ಕಡಿದು. ಇದರಿಂದ ಗೋಡೆಯನ್ನು ಎತ್ತರಿಸದೆಯೇ ಮಾಡಿನೊಳಗೆ ತಲೆಯೆತ್ತಿ ಓಡಾಡುವಷ್ಟು ಜಾಗ ಸಿಗುತ್ತದೆ.

ಗೋಡೆಯ ಲೆಕ್ಕ ಬೇರೆ. ಇಟ್ಟಿಗೆ ಮೇಲಿನ ಭಾರವನ್ನು ಎಷ್ಟಾದರೂ ತಾಳುತ್ತದೆ, ಬಗ್ಗಿಸಿದರೆ ಮಾತ್ರ ಬಿರಿಯುತ್ತದೆ. ಹೀಗಾಗಿ ಇಂಥ ಮನೆಗಳಲ್ಲಿ ಕಿಟಕಿಗಳು ಕಿರಿದು, ನಡುವಿನ ಗೋಡೆ ಅಗಲ. ಆದರೆ ಅಂಗಡಿಗೆ ಬೇಕಾದದ್ದು ಸರಕು ಕಾಣುವ ಬೆಳಕು. 1828ರಲ್ಲಿ ಇಲ್ಲಿ ಮೊದಲ ಪುಸ್ತಕದಂಗಡಿ ತೆರೆದ ಟಿಮೊತಿ ಕಾರ್ಟರ್, ಚಿಕ್ಕಚಿಕ್ಕ ಗಾಜುಗಳ ಕಿಟಕಿಗಳನ್ನು ಕೆಳಮಹಡಿಯಿಂದ ಬೀದಿಯತ್ತ ಚಾಚಿಸಿದ.

ಮುಂದೆ ಬಂದ ಟಿಕ್ನರ್ ಮತ್ತು ಫೀಲ್ಡ್ಸ್ ಅವರ ಪ್ರಕಾಶನದಿಂದ ಈ ಮೂಲೆಗೆ ಹೆಸರು ಬಂತು. ಹಾಥಾರ್ನನ 'ದಿ ಸ್ಕಾರ್ಲೆಟ್ ಲೆಟರ್' 1850ರಲ್ಲಿ, ಥೋರೋನ 'ವಾಲ್ಡನ್' 1854ರಲ್ಲಿ ಹೊರಬಂದದ್ದು ಇಲ್ಲಿಂದಲೇ. 1860ರ ದಶಕದಲ್ಲಿ ಪ್ರಕಾಶಕರು ಬೇರೆಡೆಗೆ ಹೋದರು. ಮುಂದಿನ ವರ್ಷಗಳಲ್ಲಿ ಬಾಡಿಗೆದಾರರು ಬಂದು ಹೋದರು. ಜಾಹೀರಾತಿನ ಫಲಕಗಳು ಆ ಸೊಗಸಾದ ಮಾಡನ್ನೇ ಮರೆಮಾಡಿದವು.

1960ರ ಹೊತ್ತಿಗೆ ಮನೆಯನ್ನು ಕೆಡವಿ ಮೋಟಾರು ನಿಲ್ಲಿಸುವ ಕಟ್ಟಡ ಎಬ್ಬಿಸುವ ಯೋಜನೆ ಸಿದ್ಧವಾಗಿತ್ತು. ಇನ್ನೂರು ವರ್ಷ ಮೀರಿದ ಗೋಡೆಗಿಂತ ಮೋಟಾರಿನ ನೆರಳು ದೊಡ್ಡದೆನಿಸುವ ಕಾಲವದು. ಊರಿನ ಕೆಲವರು 'ಹಿಸ್ಟಾರಿಕ್ ಬಾಸ್ಟನ್' ಎಂಬ ಸಂಸ್ಥೆ ಕಟ್ಟಿ, ಹಣ ಕೂಡಿಸಿ, ಮನೆಯನ್ನು ಕೊಂಡು ಉಳಿಸಿದರು. ಅವರು ಅದನ್ನು ಬೀಗ ಹಾಕಿದ ಮ್ಯೂಸಿಯಂ ಮಾಡಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಅಂಗಡಿ ಅಂಗಡಿಯಾಗಿಯೇ ಉಳಿಯಿತು. 1982ರಿಂದ ಕೆಲವು ವರ್ಷ ಮತ್ತೆ ಪುಸ್ತಕಗಳೂ ಮಾರಾಟವಾದವು.

2011ರಲ್ಲಿ ಅಲ್ಲಿ ಮೆಕ್ಸಿಕೋ ಬಗೆಯ ತಿಂಡಿಯ ಹೋಟೆಲು ತೆರೆದಾಗ ಸಾಹಿತ್ಯಪ್ರಿಯರು ಮುಖ ಸಿಂಡರಿಸಿದ್ದುಂಟು. ಅವರ ಬೇಸರ ಸಹಜವೇ. ಆದರೆ ಸುಣ್ಣದ ಗಾರೆ ಉದುರಿದಾಗ ಮತ್ತೆ ತುಂಬಬೇಕು, ಮಾಡು ಸೋರದಂತೆ ನೋಡಿಕೊಳ್ಳಬೇಕು. ಕೆಳಗಿನ ಅಂಗಡಿಯ ಬಾಡಿಗೆ ಈ ಮನೆಯ ಖರ್ಚಿಗೆ ಮಾತ್ರವಲ್ಲ, ಊರಿನ ಬೇರೆ ಹಳೆಯ ಕಟ್ಟಡಗಳನ್ನು ಉಳಿಸುವ ಕೆಲಸಕ್ಕೂ ಒದಗಿಬಂದಿದೆ.