ನೀರಿನಲ್ಲೇ ಎರಡು ಪದರ

ಔರಾದ, ಜನವರಿ 11

ಬಿಸಿಲೇರುವ ಮೊದಲೇ ಹೊಲ ಮುಟ್ಟಿದೆವು. ಹಸಿ ಪಪ್ಪಾಯಿಕಾಯಿಗೆ ತೆಳ್ಳಗೆ ಗೀರಿದರೆ ಜಿನುಗುವ ಹಾಲು ಬಟ್ಟಲಿಗೆ ಬಿದ್ದು ಸ್ವಲ್ಪ ಹೊತ್ತಿಗೇ ಗಟ್ಟಿಯಾಗತೊಡಗುತ್ತದೆ. “ಕೈಗಿ ಹತ್ತಿಸ್ಕೋಬ್ಯಾಡ್ರಿ ಮೇಡಂ, ಚರ್ಮ ಸುಲೀತದ,” ಎಂದರು ಹೊಲದ ಕಾಕಾ. ಪ್ರೋಟೀನ್ ಕತ್ತರಿಸುವ ಕಿಣ್ವಗಳ ಕೆಲಸವದು. ಅವುಗಳಲ್ಲಿ ನಮಗೆ ಬೇಕಾದದ್ದು ಪಪೇನ್.

ಭಾಲ್ಕಿ, ಜನವರಿ 12

ಸೋಸಿದ ಪಪ್ಪಾಯಿ ಹಾಲಿನ ತಿಳಿಗೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪಾಲಿಮರು, ಅಮೋನಿಯಂ ಸಲ್ಫೇಟ್ ಎಂಬ ಉಪ್ಪು ಬೆರೆಸಿ ಕುಲುಕಿದೆವು. ಮೊದಲು ಮಸುಕು. ನಿಲ್ಲಲು ಬಿಟ್ಟರೆ ಕೊಳವೆಯ ನಡುವೆ ಕೂದಲೆಳೆಯಂಥ ಗೆರೆ ಮೂಡಿತು. ಎಣ್ಣೆ-ನೀರಲ್ಲ, ಎರಡೂ ಕಡೆ ಹೆಚ್ಚಿನ ಪಾಲು ನೀರೇ. ಪಾಲಿಮರು, ಉಪ್ಪು ಎರಡಕ್ಕೂ ನೀರು ಬೇಕು. ಪ್ರಮಾಣ ಒಂದು ಮಿತಿ ದಾಟಿದರೆ ಒಂದೇ ನೀರಿನಲ್ಲಿ ಹೊಂದಿ ಬಾಳವು. ಪಾಲಿಮರು ಮೇಲೆ, ಉಪ್ಪು ಕೆಳಗೆ. ಪಪೇನ್ ಮೇಲಿನದನ್ನು ಆರಿಸಿಕೊಳ್ಳುತ್ತದೆ. ಪಾಲಿಮರು ಕಡಿಮೆ ಹಾಕಿ ಮೇಲಿನ ಪದರವನ್ನು ತೆಳುವಾಗಿಸಿದರೆ, ಬಹಳಷ್ಟು ನೀರಿನಲ್ಲಿ ಚದುರಿದ್ದ ಕಿಣ್ವ ಅಷ್ಟರಲ್ಲೇ ಬಂದು ಸೇರುತ್ತದೆ. ಬೇರ್ಪಡಿಸುವುದು, ಸಾಂದ್ರಗೊಳಿಸುವುದು ಎರಡೂ ಒಂದೇ ಏಟಿಗೆ!

ದೇವಣಿ ಆಕಳ ಬೆಚ್ಚನೆಯ ಹಾಲಿಗೆ ಮೇಲಿನ ಪದರದ ಕೆಲವು ಹನಿ ಬಿಟ್ಟೆವು. ಗಾಜಿನ ಗೋಡೆಗೆ ಬಿಳಿ ಹರಳು ಹತ್ತಿ ಹಾಲು ಒಡೆಯಿತು. ಕೆಳಗಿನ ಪದರದ ಹನಿ ಬಿಟ್ಟ ಹಾಲು ಆಗಲೂ ಹಾಲಾಗಿಯೇ ಇತ್ತು. ನನ್ನ ವಿದ್ಯಾರ್ಥಿನಿಯರು ಕೊಳವೆಗಾಗಿ ಕಿತ್ತಾಡಿ ನೋಡಿದರು.

ಜೆಲಟಿನ್, ಅಗರ್ ಬೆರೆಸಿದ ನೀರು ಹೀಗೆ ಇಬ್ಭಾಗವಾಗುವುದನ್ನು ವಿಜ್ಞಾನಿ ಬೈಯರಿಂಕ್ 1896ರಲ್ಲೇ ಕಂಡಿದ್ದರು. ಅದನ್ನು ಜೀವಕಣಗಳನ್ನೂ ಪ್ರೋಟೀನುಗಳನ್ನೂ ಬೇರ್ಪಡಿಸುವ ವಿಧಾನವಾಗಿಸಿದ್ದು 1950ರ ದಶಕದಲ್ಲಿ ಸ್ವೀಡನ್ನಿನ ಆಲ್ಬರ್ಟ್‌ಸನ್.

ಬೀದರ, ಜನವರಿ 18

ಸಂಜೆ ಕೊಳಾರ ಕೈಗಾರಿಕಾ ಪ್ರದೇಶದ ಬದಿಯಿಂದ ಬಂದೆ. ದ್ರಾವಕದ ವಾಸನೆ ಮೂಗಿಗೆ ಹೊಡೆಯಿತು. ಸಾವಯವ ದ್ರಾವಕಗಳಲ್ಲಿ ಅನೇಕ ಪ್ರೋಟೀನುಗಳ ಮಡಿಕೆ ಬಿಚ್ಚಿ ಅವು ಕೆಲಸಕ್ಕೆ ಬಾರದಂತಾಗುತ್ತವೆ. ನೀರಿನ ಪದರದಲ್ಲಿ ಆ ಭಯ ಕಡಿಮೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಕೆ.ಎಸ್.ಎಂ.ಎಸ್. ರಾಘವರಾವ್ ಅವರ ತಂಡ ಅನಾನಸಿನ ಬ್ರೋಮಿಲೈನ್ ಕಿಣ್ವವನ್ನು ಹೀಗೆಯೇ ಬೇರ್ಪಡಿಸಿತ್ತು: ಬ್ರೋಮಿಲೈನ್ ಮೇಲಕ್ಕೆ, ಹಣ್ಣನ್ನು ಕಪ್ಪಾಗಿಸುವ ಪಾಲಿಫಿನಾಲ್ ಆಕ್ಸಿಡೇಸ್ ಕೆಳಕ್ಕೆ. ನಮ್ಮ ಜಿಲ್ಲೆಯ ಬೆಳೆಗೆ ಇಂಥ ವಿದ್ಯೆ ಬರಲೇಬೇಕು.

ಆದರೆ ಕೆಳಗುಳಿದ ಉಪ್ಪುನೀರಿನ ಲೆಕ್ಕ ಬಿಟ್ಟು ಇದನ್ನು ಹಸಿರು ವಿಧಾನ ಎನ್ನಲು ನಾನು ಒಪ್ಪುವುದಿಲ್ಲ. ಚಿಕ್ಕ ಕೊಳವೆಯಲ್ಲಿ ಪರವಾಗಿಲ್ಲ, ಪೀಪಾಯಿಗಟ್ಟಲೆ ಮಾಡಿದರೆ ಆ ಅಮೋನಿಯಂ ಎಲ್ಲಿಗೆ ಹೋಗುತ್ತದೆ? ಹಳ್ಳಕ್ಕೋ, ಬೋರ್‌ವೆಲ್ಲಿಗೋ? ಮುಂದಿನ ವಾರ ಸಿಟ್ರೇಟ್ ಉಪ್ಪಿನಲ್ಲಿ ಮಾಡಿಸುತ್ತೇನೆ. ಅದನ್ನು ಜೀವಾಣುಗಳು ಒಡೆದುಹಾಕುತ್ತವೆ. ಪಪೇನ್ ಸ್ವಲ್ಪ ಕಡಿಮೆ ಸಿಕ್ಕರೂ ಸರಿ.