ಅವ್ವನ ಮಾತು ಕೇಳುವ ಪೆಟ್ಟಿಗೆ

ಪರವೂರಿನಲ್ಲಿ ಸಂಸಾರ ಹೂಡಿದವರಿಗೆ ಮನೆಗೆ ಹೊಸ ವಸ್ತುವೊಂದನ್ನು ತರುವುದೆಂದರೆ ಒಂದು ಸಣ್ಣ ಸಂಭ್ರಮ, ಅದರ ಜೊತೆಗೆ ಒಂದು ಸಣ್ಣ ಪಂಚಾಯಿತಿ. ಟಿ.ವಿ. ತರುವಾಗ ನಡೆದ ಚರ್ಚೆ, ಎರಡು ಖೋಲಿಯ ಮನೆಯಲ್ಲಿ ಫ್ರಿಜ್ಜನ್ನು ಎಲ್ಲಿ ನಿಲ್ಲಿಸುವುದೆಂದು ನಡೆದ ವಾದ, ಇವೆಲ್ಲ ನಮ್ಮ ವಾಚಕರಿಗೆ ಹೊಸತೇನಲ್ಲ. ಆದರೆ ಈಚೆಗೆ ನಮ್ಮ ಮನೆಯಲ್ಲಿ ನಡೆದ ಪಂಚಾಯಿತಿ ಮಾತ್ರ ಬೇರೆ ಜಾತಿಯದು. ಈ ಸಲ ತರಬೇಕೆಂದಿದ್ದ ವಸ್ತುವಿಗೆ ಬಾಯಿಯೂ ಇತ್ತು, ಕಿವಿಯೂ ಇತ್ತು.

ಸ್ಮಾರ್ಟ್ ಸ್ಪೀಕರ್ ಎಂದು ಅದರ ಹೆಸರು. ತೆಂಗಿನಕಾಯಿಯ ಗಾತ್ರದ ಒಂದು ಉಂಡೆ. ಹೆಸರು ಹಿಡಿದು ಕರೆದರೆ ಓಗೊಡುತ್ತದೆ. ಗಂಟೆ ಕೇಳಿದರೆ ಹೇಳುತ್ತದೆ, ಹಾಡು ಕೇಳಿದರೆ ಹಾಕುತ್ತದೆ, ದೀಪ ಆರಿಸೆಂದರೆ ಆರಿಸುತ್ತದೆ. ಅಮೆಜಾನಿನವರ ಎಕೋ ನಮ್ಮ ದೇಶಕ್ಕೆ 2017ರ ಅಕ್ಟೋಬರಿನಲ್ಲಿ ಬಂತು; ಗೂಗಲ್ ಹೋಮ್ 2018ರ ಏಪ್ರಿಲಿನಲ್ಲಿ. ಐರೋಳಿಯ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ಮಗ, ದೀಪಾವಳಿಯ ಬೋನಸ್ಸು ಕೈಗೆ ಬಂದ ದಿನ, "ಅಪ್ಪಾ, ಅಜ್ಜಿಗೆ ಒಂದು ತರೋಣ" ಎಂದ. ನನಗೆ ಬೇಕು ಎಂದಿದ್ದರೆ ನಾನು ಖರ್ಚಿನ ಮಾತು ಎತ್ತುತ್ತಿದ್ದೆ. ಅಜ್ಜಿಗೆ ಎಂದಾಗ ಸುಮ್ಮನಾದೆ.

ಅದಕ್ಕೆ ಕಾರಣವಿತ್ತು. ನಮ್ಮವ್ವ 1969ರಲ್ಲಿ ಮದುವೆಯಾಗಿ ಧಾರವಾಡದಿಂದ ಡೊಂಬಿವಲಿಗೆ ಬಂದವಳು. ಈಗ ಎಂಬತ್ತರ ಹತ್ತಿರ. ಕಾಲು ಗಟ್ಟಿ, ಕಿವಿ ಚುರುಕು, ನೆನಪು ನನಗಿಂತ ಮೇಲು. ಆದರೆ ಕಣ್ಣಿನ ಒಳಒತ್ತಡದ ಕಾಯಿಲೆ ಮೆಲ್ಲಮೆಲ್ಲನೆ ದೃಷ್ಟಿಯನ್ನು ಒಯ್ದುಬಿಟ್ಟಿದೆ. ಬೆಳಕು-ನೆರಳು ತಿಳಿಯುತ್ತದೆ, ಅಕ್ಷರ ತಿಳಿಯುವುದಿಲ್ಲ. ಮೊದಲಿನ ಫೋನಿನಲ್ಲಿ ಗುಂಡಿಗಳಿದ್ದವು. ಬೆರಳಿನಿಂದ ಎಣಿಸಿ ಒತ್ತುತ್ತಿದ್ದಳು. ಈಗಿನದು ಬರೀ ಗಾಜು. ಅದರ ಮೇಲೆ ಬೆರಳಿಟ್ಟರೆ ಏನು ಒತ್ತಿದೆವೆಂದು ಬೆರಳಿಗೆ ಗೊತ್ತಾಗುವುದಿಲ್ಲ. ನಾವು ಮೂವರೂ ಬೆಳಗಿನ ಲೋಕಲ್ ಹಿಡಿದು ಹೋದ ಮೇಲೆ ಸಂಜೆಯವರೆಗೆ ಅವಳೊಬ್ಬಳೇ. ಅವಳಿಗೆ ಬೇಕಾದದ್ದು ಮೂರು ಸಂಗತಿ: ಗಂಟೆ ಎಷ್ಟೆಂದು ತಿಳಿಯುವುದು, ಧಾರವಾಡ ಆಕಾಶವಾಣಿ ಕೇಳುವುದು, ಧಾರವಾಡದಲ್ಲಿರುವ ತಂಗಿಯೊಡನೆ ಮಾತಾಡುವುದು. ಬಾಯಲ್ಲಿ ಹೇಳಿದರೆ ಕೆಲಸ ಮಾಡುವ ಪೆಟ್ಟಿಗೆ ಇಂಥವರಿಗಾಗಿಯೇ ಹುಟ್ಟಿದ್ದೆಂದು ಯಾರಿಗಾದರೂ ಅನ್ನಿಸೀತು.

ಹಾಗೆ ನೋಡಿದರೆ ನಮ್ಮ ಮನೆಗೆ ಮಾತಾಡುವ ಪೆಟ್ಟಿಗೆ ಇದೇ ಮೊದಲಲ್ಲ. ನಾನು ಹುಡುಗನಾಗಿದ್ದಾಗ ಚಾಳಿನ ಮನೆಯಲ್ಲಿ ಒಂದು ಮರ್ಫಿ ರೇಡಿಯೋ ಇತ್ತು. ಮರ್ಫಿ ತಯಾರಾಗುತ್ತಿದ್ದುದು ಇಲ್ಲೇ ಥಾಣೆಯಲ್ಲಿ. ಅಂಚೆ ಕಚೇರಿಗೆ ಹೋಗಿ ಅದರ ಲೈಸೆನ್ಸಿನ ಹಣ ಕಟ್ಟಿ ಪುಸ್ತಕದಲ್ಲಿ ಮುದ್ರೆ ಒತ್ತಿಸಿಕೊಂಡು ಬರುವುದು ಅಪ್ಪನ ವಾರ್ಷಿಕ ವ್ರತ. ಧಾರವಾಡ ಕೇಂದ್ರ ಶುರುವಾದದ್ದು 1950ರ ಜನವರಿ 8ರಂದು. ಅವ್ವ ಬೆಳೆದದ್ದೇ ಆ ದನಿಯ ಜೊತೆಗೆ. ಕತ್ತಲಾದ ಮೇಲೆ ಅವಳು ರೇಡಿಯೋದ ಮುಖವನ್ನು ಹಾಗೆ ತಿರುಗಿಸಿ, ಹೀಗೆ ತಿರುಗಿಸಿ, ಗೊರಗೊರ ಸದ್ದಿನ ನಡುವೆ ಆ ಕೇಂದ್ರವನ್ನು ಹುಡುಕುತ್ತಿದ್ದಳು. ಸಿಕ್ಕಾಗ ಅವಳ ಮುಖ ನೋಡಬೇಕಿತ್ತು. ಆ ಪೆಟ್ಟಿಗೆ ಮಾತಾಡುತ್ತಿತ್ತು, ನಾವು ಕೇಳುತ್ತಿದ್ದೆವು. ಅದಕ್ಕೆ ನಮ್ಮ ಮಾತು ತಿಳಿಯಬೇಕಾದ ಪ್ರಸಂಗವೇ ಇರಲಿಲ್ಲ. ಈಗಿನ ಪೆಟ್ಟಿಗೆಯಲ್ಲಿ ಮೊದಲು ಮಾತಾಡಬೇಕಾದವರು ನಾವು. ತೊಡಕು ಇರುವುದು ಅಲ್ಲಿಯೇ.

ಮಗ ಕಾಗದದ ಮೇಲೆ ಗೆರೆ ಎಳೆದು ಪಟ್ಟಿ ಮಾಡಿದ. ಯಾವುದರ ದನಿ ದೊಡ್ಡದು, ಯಾವುದಕ್ಕೆ ಪರದೆ ಇದೆ, ಬೆಲೆ ಎಷ್ಟು, ಹೀಗೆ ಐದಾರು ಸಾಲು. ಕೊನೆಯ ಸಾಲು 'ಭಾಷೆ'. ಇಂಗ್ಲಿಷು ಮೊದಲಿನಿಂದಲೂ ಇತ್ತು. ಅಲೆಕ್ಸಾಗೆ 2019ರ ಸೆಪ್ಟೆಂಬರಿನಲ್ಲಿ ಹಿಂದಿ ಬಂತು. ನಾವು ನೋಡಿದ ಯಾವ ಪೆಟ್ಟಿಗೆಯ ಸಾಲಿನಲ್ಲೂ ಕನ್ನಡ ಇರಲಿಲ್ಲ. "ಪರವಾಗಿಲ್ಲ, ಹಾಡಿನ ಹೆಸರು ತಿಳಿಯುತ್ತದಂತೆ" ಎಂದ ಮಗ. ಕೊಳ್ಳುವ ಮೊದಲು ಒಮ್ಮೆ ನೋಡಿಬಿಡುವುದೇ ಸರಿ ಎಂದು ಮೂರು ಊರು ಸುತ್ತಿದೆವು.

ಮೊದಲು ಥಾಣೆ. ಘೋಡಬಂದರ್ ರಸ್ತೆಯ ಎತ್ತರದ ಕಟ್ಟಡವೊಂದರಲ್ಲಿ ನನ್ನ ಸೋದರಮಾವನ ಮಗ ಇದ್ದಾನೆ. ಅವನ ಪೆಟ್ಟಿಗೆ ಯಾವ ಕಂಪನಿಯದೆಂಬುದು ಇಲ್ಲಿ ಮುಖ್ಯವಲ್ಲ. ಅವನು ಇಂಗ್ಲಿಷಿನಲ್ಲಿ ಹೇಳಿದ, ದೀಪ ಹತ್ತಿತು. ಅವನ ಮಗಳು ಹೇಳಿದಳು, ಹಾಡು ಬಂತು. "ಅತ್ಯಾ, ನೀವೂ ಏನರ ಕೇಳ್ರಿ" ಎಂದು ಅವ್ವನನ್ನು ಒತ್ತಾಯ ಮಾಡಿದ. ಅವ್ವ ಸೆರಗು ಸರಿಮಾಡಿಕೊಂಡು, ಹೊಸ ಬೀಗರ ಜೊತೆ ಮಾತಾಡುವ ಗತ್ತಿನಲ್ಲಿ, "ಒಂದು ದಾಸರ ಪದ ಹಾಕವ್ವಾ" ಎಂದಳು. ತಿಳಿಯಲಿಲ್ಲವೆಂದು ಅದು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿತು. ಅವ್ವ ಇನ್ನಷ್ಟು ಬಿಡಿಸಿ ಹೇಳಿದಳು. ಈ ಸಲ ಹಿಂದಿ ಸಿನಿಮಾದ ಯಾವುದೋ ಕುಣಿತದ ಹಾಡು ಕಿವಿಗಡಚಿಕ್ಕುವಂತೆ ಬಂತು. ಎಲ್ಲರೂ ನಕ್ಕರು, ಅವ್ವನೂ ನಕ್ಕಳು. ಮರಳಿ ಬರುವಾಗ ಗಾಡಿಯಲ್ಲಿ ಮಾತ್ರ ಮೆಲ್ಲಗೆ ಕೇಳಿದಳು: "ನಾನೇನು ಪರದೇಶದ ಮಾತಾಡಿದೆನೇನೋ?"

ಎರಡನೆಯದು ವಾಶಿಯ ದೊಡ್ಡ ಅಂಗಡಿ. ಅಲ್ಲಿಯ ಮಾರಾಟದ ಹುಡುಗ ಬಲು ಉತ್ಸಾಹಿ. ಇದರಲ್ಲಿ ಕನ್ನಡ ಇದೆಯೇ ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡು, "ಮರಾಠೀ ಭೀ ನಹೀಂ ಹೈ, ಕಾಕಾ" ಎಂದ. ಹಳ್ಳಿಯಲ್ಲಿರುವ ತನ್ನ ಆಜಿಗೂ ಇದೇ ತೊಂದರೆ ಎಂದು ಸೇರಿಸಿದ. ಮಹಾರಾಷ್ಟ್ರದ ನೆಲದಲ್ಲಿ ಮಾರುವ ಪೆಟ್ಟಿಗೆಗೆ ಮರಾಠಿಯೇ ಬಾರದಿದ್ದ ಮೇಲೆ ನಮ್ಮ ಪಾಡೇನು ಎಂದುಕೊಂಡೆ. ಲೋಕಲ್ ಗಾಡಿ ಕೂಡ ಮುಂದಿನ ನಿಲ್ದಾಣದ ಹೆಸರನ್ನು ಮೂರು ಭಾಷೆಗಳಲ್ಲಿ ಹೇಳುತ್ತದೆ.

ಮೂರನೆಯದು ಕಲ್ಯಾಣ. ರೈಲ್ವೆಯಿಂದ ನಿವೃತ್ತರಾದ ಹಿರಿಯ ಸ್ನೇಹಿತರೊಬ್ಬರು ಅಲ್ಲಿದ್ದಾರೆ. ಸಂಧಿವಾತದಿಂದ ಕೈಬೆರಳು ಮಡಚುವುದಿಲ್ಲ; ಪತ್ನಿ ಹಾಸಿಗೆ ಹಿಡಿದಿದ್ದಾರೆ. ಅವರಿಗೆ ಪೆಟ್ಟಿಗೆ ನಿಜಕ್ಕೂ ಆಸರೆಯಾಗಿದೆ. ಗುಳಿಗೆಯ ಹೊತ್ತನ್ನು ನೆನಪಿಸುತ್ತದೆ; ರಾತ್ರಿ ಏಳದೆ ದೀಪ ಹತ್ತಿಸಬಹುದು; ಪುಣೆಯ ಮಗನನ್ನು ಕರೆಯಬಹುದು. "ನಲವತ್ತು ವರ್ಷ ಆಫೀಸಿನಲ್ಲಿ ಇಂಗ್ಲಿಷು ತೇಯ್ದದ್ದು ಈಗ ಉಪಯೋಗಕ್ಕೆ ಬಂತು ನೋಡ್ರಿ" ಎಂದು ನಕ್ಕರು. ಅಲ್ಲಿಂದ ಬರುವಾಗ ನನಗೆ ಒಂದು ಮಾತು ಸ್ಪಷ್ಟವಾಯಿತು. ಪೆಟ್ಟಿಗೆ ಕೆಟ್ಟದ್ದಲ್ಲ. ಆದರೆ ಅದು ಮೊದಲು ಕೇಳುವುದು ನಿನ್ನ ಅಗತ್ಯವನ್ನಲ್ಲ, ನಿನ್ನ ಭಾಷೆಯನ್ನು. ಓದಿ ನೌಕರಿ ಮಾಡಿದವರಿಗೆ ಅದು ಸೇವಕ. ಮನೆಯೊಳಗೇ ಜೀವ ತೇಯ್ದ ನಮ್ಮ ತಾಯಂದಿರಿಗೆ ಅದು ಕಿವುಡು. ಎಲ್ಲರಿಗಿಂತ ಹೆಚ್ಚಾಗಿ ಯಾರಿಗೆ ಅದು ಬೇಕೋ ಅವರ ಮಾತೇ ಅದಕ್ಕೆ ತಿಳಿಯದು.

ಹಿಂದಿ ಕಲಿತರಾಯಿತು ಎಂದು ಯಾರಾದರೂ ಅಂದಾರು. ಅವ್ವ ಕಲಿಯುವುದಕ್ಕೆ ಹಿಂಜರಿದವಳಲ್ಲ. ಡೊಂಬಿವಲಿಗೆ ಬಂದ ವರ್ಷವೇ ತರಕಾರಿಯವಳೊಡನೆ ಜಗ್ಗಾಡುತ್ತ ಮರಾಠಿ ಕಲಿತಳು. ಆದರೆ ಆ ತರಕಾರಿಯವಳೂ 'ಬದನೆಕಾಯಿ', 'ಬೆಂಡೆಕಾಯಿ' ಕಲಿತಳು. ನಮ್ಮ ಬಾಗಿಲಿಗೆ ಬಂದಾಗ ಕನ್ನಡದಲ್ಲೇ ಕೂಗುತ್ತಿದ್ದಳು. ಮನುಷ್ಯರ ನಡುವೆ ಭಾಷೆ ಹೀಗೆ ಕೊಡು-ಕೊಳ್ಳುವ ವ್ಯವಹಾರ. ಆ ಪೆಟ್ಟಿಗೆಯ ಮುಂದಾದರೆ ಕಲಿಯುವ ಕೆಲಸವೆಲ್ಲ ಮುದುಕಿಯ ಪಾಲಿಗೆ. ಅದಲ್ಲದೆ ಮನೆ ಎಂಬುದು ನಮ್ಮಂಥವರಿಗೆ ಕನ್ನಡದ ಕಟ್ಟಕಡೆಯ ನಿಲ್ದಾಣ. ಅಂಗಡಿಯಲ್ಲಿ ಮರಾಠಿ, ಆಫೀಸಿನಲ್ಲಿ ಇಂಗ್ಲಿಷು-ಹಿಂದಿ ಮುಗಿಸಿ ಬಂದವರು ಚಪ್ಪಲಿಯ ಜೊತೆ ಆ ಭಾಷೆಗಳನ್ನೂ ಬಾಗಿಲಲ್ಲಿ ಬಿಟ್ಟು ಒಳಗೆ ಬರುತ್ತೇವೆ. ದೀಪ ಹಚ್ಚುವುದಕ್ಕೂ ಇಂಗ್ಲಿಷು ಬೇಕೆಂದಾದರೆ, ಮಕ್ಕಳು ಮನೆಯಲ್ಲಿ ಯಾವ ಮಾತನ್ನು ಅಪ್ಪಣೆಯ ಮಾತೆಂದು ತಿಳಿಯುತ್ತಾರೆ?

ಇನ್ನೊಂದು ಸಂಗತಿಯನ್ನೂ ತೂಗಿ ನೋಡಬೇಕಾಯಿತು. ಈ ಪೆಟ್ಟಿಗೆಗಳು ತಮ್ಮ ಹೆಸರಿಗಾಗಿ ಸದಾ ಕಿವಿದೆರೆದು ಕಾಯುತ್ತಿರುತ್ತವೆ. ಹೆಸರು ಕೇಳಿಸಿತೆಂದರೆ ಆಮೇಲಿನ ಮಾತು ಇಂಟರ್‌ನೆಟ್ಟಿನ ಮೂಲಕ ಕಂಪನಿಯ ಕಂಪ್ಯೂಟರುಗಳಿಗೆ ಹೋಗಿ, ಅಲ್ಲಿಂದ ಉತ್ತರ ಬರುತ್ತದೆ. ಹೀಗೆ ಹೋದ ಮಾತುಗಳಲ್ಲಿ ಕೆಲವನ್ನು ಯಂತ್ರಕ್ಕೆ ಕಲಿಸುವ ಸಲುವಾಗಿ ನೌಕರರು ಆಲಿಸುತ್ತಾರೆಂಬುದು 2019ರಲ್ಲಿ ಪತ್ರಿಕೆಗಳ ಮೂಲಕ ಹೊರಬಂತು. ಮಕ್ಕಳ ದನಿಯ ಧ್ವನಿಮುದ್ರಣಗಳನ್ನು ಅಳಿಸದೆ ಇಟ್ಟುಕೊಂಡ ಆರೋಪದ ಮೇಲೆ ಅಮೆರಿಕದ ಸರಕಾರ ಹೂಡಿದ ದಾವೆಯಲ್ಲಿ 2023ರಲ್ಲಿ ಅಮೆಜಾನ್ 2.5 ಕೋಟಿ ಡಾಲರು ದಂಡ ಕೊಡಲು ಒಪ್ಪಿತು. ಕಿವಿ ಮುಚ್ಚುವ ಒಂದು ಗುಂಡಿ ಪೆಟ್ಟಿಗೆಯ ಮೇಲೆಯೇ ಇರುತ್ತದೆ, ನಿಜ. ಆದರೆ ಕಣ್ಣು ಕಾಣದವರು ಅದರ ಕೆಂಪು ದೀಪ ನೋಡುವುದು ಹೇಗೆ?

ಕೊನೆಗೆ ನಮ್ಮ ಮನೆಯ ತೀರ್ಪು ಹೀಗಾಯಿತು. ಕೈಯಲ್ಲಿರುವ ಫೋನುಗಳ ಒಳಗಿನ ಧ್ವನಿ ಸಹಾಯಕನಿಗೆ 2018-19ರ ಹೊತ್ತಿಗೇ ಕನ್ನಡ ಬಂದಿತ್ತು. ಆದ್ದರಿಂದ ಮಗನ ಹಳೆಯ ಫೋನೊಂದಕ್ಕೆ ಕನ್ನಡ ಹಾಕಿ, ಅವ್ವನ ಮಂಚದ ಪಕ್ಕದಲ್ಲಿ ಒಂದು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆವು. ಅದಕ್ಕೆ ಜೋಡಿಸಲು ಕಿವಿಯಿಲ್ಲದ, ಬರೀ ಬಾಯಿರುವ ಒಂದು ಸಾಧಾರಣ ಬ್ಲೂಟೂತ್ ಸ್ಪೀಕರು ತಂದೆವು. ಆರಿಸುವಾಗ ನೋಡಿದ್ದು ಒಂದೇ ಗುಣ: ಅದರ ಗುಂಡಿಗಳು ಬೆರಳಿಗೆ ಉಬ್ಬಾಗಿ ಸಿಗಬೇಕು. ಹಾಡು ನಿಲ್ಲಿಸುವ-ಹಚ್ಚುವ ಗುಂಡಿಯ ಮೇಲೆ ನನ್ನಾಕೆ ಒಂದು ಸಣ್ಣ ಮಣಿಯನ್ನು ಅಂಟಿಸಿದಳು. ಪ್ರಸಾರ ಭಾರತಿಯ 'ನ್ಯೂಸ್ ಆನ್ ಏರ್' ಎಂಬ ಆ್ಯಪಿನಲ್ಲಿ ಧಾರವಾಡ ಕೇಂದ್ರವನ್ನು ಹಚ್ಚಿಟ್ಟು ನಾವು ಕೆಲಸಕ್ಕೆ ಹೊರಡುತ್ತೇವೆ. ಸಾಕೆನಿಸಿದಾಗ ಅವ್ವ ಮಣಿ ತಡವಿ ನಿಲ್ಲಿಸುತ್ತಾಳೆ, ಬೇಕೆನಿಸಿದಾಗ ಮತ್ತೆ ತಡವುತ್ತಾಳೆ. ಗೊರಗೊರ ಸದ್ದಿಲ್ಲದೆ ಹಗಲುಹೊತ್ತೇ ಧಾರವಾಡ ಕೇಳುವುದೆಂದರೆ ಅವಳಿಗೆ ಮೊದಮೊದಲು ನಂಬಿಕೆಯೇ ಬರಲಿಲ್ಲ.

ಗಂಟೆಯ ಸಮಸ್ಯೆಯೂ ತೀರಿತು. ಫೋನು ಕನ್ನಡದಲ್ಲೇ ಹೊತ್ತು ಹೇಳುತ್ತದೆ. ಇನ್ನು ಉಳಿದದ್ದು ತಂಗಿ. ಅವ್ವ "ತಂಗಿಗೆ ಫೋನ್ ಹಚ್ಚು" ಎಂದಳು. ನಮ್ಮ ಕಡೆ ಫೋನು ಹಚ್ಚುತ್ತೇವೆ, ಬೆಂಗಳೂರಿನ ಕಡೆ ಫೋನು ಮಾಡುತ್ತಾರೆ. ಅದು ಏನು ತಿಳಿಯಿತೋ, ದೀಪ ಹಚ್ಚುವ ವಿಷಯ ಏನೋ ಓದತೊಡಗಿತು. "ಫೋನ್ ಮಾಡು" ಎಂದಾಗ ಸರಿಯಾಗಿ ಕರೆ ಹೋಯಿತು. ಅವ್ವನಿಗೆ ರೇಗಿತು. "ಇಲ್ಲಿಗೆ ಬಂದು ಮರಾಠಿ ಕಲತೆ. ಈ ವಯಸ್ಸಿನ್ಯಾಗ ಮೈಸೂರು ಕನ್ನಡಾನೂ ಕಲೀಬೇಕೇನು?" ಎಂದಳು. ತಂಗಿಯ ದನಿ ಕೇಳಿಸಿದ ಮೇಲೆ ಮುಕ್ಕಾಲು ಗಂಟೆ ಆ ಫೋನಿನದೇ ದೂರು ನಡೆಯಿತು, ಅದೇ ಫೋನಿನಲ್ಲಿ!

ನಗುವಿನ ಮಾತಾದರೂ ಅದರಲ್ಲಿ ವಿಚಾರವಿದೆ. ಯಂತ್ರಕ್ಕೆ ಭಾಷೆ ತಾನಾಗಿ ಬರುವುದಿಲ್ಲ. ಸಾವಿರಾರು ಜನರ ದನಿ ಕೇಳಿ ಕೇಳಿ ಅದು ಕಲಿಯುತ್ತದೆ. ಯಾರ ದನಿ ಅಲ್ಲಿ ಸೇರಿಲ್ಲವೋ ಅವರ ಮಾತು ಅದಕ್ಕೆ ತಪ್ಪಾಗಿ ಕೇಳಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2022ರಲ್ಲಿ ಗೂಗಲ್ ನೆರವಿನಿಂದ 'ವಾಣಿ' ಎಂಬ ಯೋಜನೆ ಕೈಗೊಂಡು, ದೇಶದ 773 ಜಿಲ್ಲೆಗಳ ಜನರ ಮಾತು ಸಂಗ್ರಹಿಸುವ ಗುರಿಯಿಟ್ಟುಕೊಂಡಿತು. ಚಿತ್ರವೊಂದನ್ನು ತೋರಿಸಿ, ಕಂಡದ್ದನ್ನು ಅವರವರ ಮಾತಿನಲ್ಲೇ ಹೇಳಿಸುವುದು ಅದರ ಕ್ರಮ. ಕೇಂದ್ರ ಸರಕಾರ ಅದೇ ವರ್ಷ ಆರಂಭಿಸಿದ 'ಭಾಷಿಣಿ'ಯಲ್ಲಿ 'ಭಾಷಾದಾನ' ಎಂಬ ವಿಭಾಗವಿದೆ. ಯಾರು ಬೇಕಾದರೂ ಕನ್ನಡದ ವಾಕ್ಯಗಳನ್ನು ಓದಿ ದನಿಯನ್ನು ದಾನ ಕೊಡಬಹುದು. ಮನೆಯ ಮೂಲೆಯಲ್ಲಿ ಕುಳಿತ ಕಿವಿ ಆಲಿಸುವುದು ಬೇರೆ, ನಾವಾಗಿ ಒಪ್ಪಿ ಕೊಡುವುದು ಬೇರೆ.

ಥಾಣೆಯಿಂದ ಕಲ್ಯಾಣದವರೆಗೆ, ಆಚೆ ನವಿ ಮುಂಬಯಿಯವರೆಗೆ ನಮ್ಮ ಕನ್ನಡ ಎಷ್ಟು ಬಗೆಯದು! ಧಾರವಾಡದ್ದು, ವಿಜಯಪುರದ್ದು, ಮಂಗಳೂರಿನದು, ಕುಂದಾಪುರದ್ದು, ಇಲ್ಲಿಯೇ ಹುಟ್ಟಿದ ಮಕ್ಕಳ ಮರಾಠಿ ಬೆರೆತದ್ದು. ನಾಟಕಕ್ಕೂ ಹಳದಿ-ಕುಂಕುಮಕ್ಕೂ ಸೇರುವ ನಮ್ಮ ಸಂಘಗಳು ಒಂದು ಭಾನುವಾರ ಇದಕ್ಕಾಗಿಯೂ ಸೇರಬಾರದೇಕೆ? ಹುಡುಗರು ಫೋನು ಹಿಡಿಯಲಿ, ವಾಕ್ಯ ಓದಿ ಹೇಳಲಿ. ಹಿರಿಯರು ತಮ್ಮ ರಾಗದಲ್ಲೇ ಅದನ್ನು ನುಡಿಯಲಿ.

ಇನ್ನು ಪೆಟ್ಟಿಗೆ ಕೊಳ್ಳಲು ಹೊರಟಿರುವ ಮಿತ್ರರಿಗೆ ನನ್ನದು ಒಂದೇ ಸಲಹೆ. ದನಿ ದೊಡ್ಡದೋ, ಬಣ್ಣ ಚೆಂದವೋ ಎಂಬುದನ್ನು ಆಮೇಲೆ ನೋಡಿದರಾಯಿತು. ಅಂಗಡಿಗೆ ಹೋಗುವಾಗ ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿರಿ. ಹಣ ಎಣಿಸುವ ಮೊದಲು ಅವರಿಂದ ಒಂದು ಮಾತು ಆಡಿಸಿರಿ. ಅದು ತಿಳಿದರೆ ಕೊಳ್ಳಿರಿ. ತಿಳಿಯದಿದ್ದರೆ ಅವರ ಬೆರಳಿಗೆ ಸಿಗುವ ಒಳ್ಳೆಯ ಗುಂಡಿ ಯಾವುದರಲ್ಲಿದೆ ಎಂದು ಕೇಳಿರಿ.