ಹುಟ್ಟಿದ ಗಳಿಗೆ

ಹೆರಿಗೆಯ ಕೋಣೆಯಿಂದ ಕೂಸಿನ ಮೊದಲ ಅಳು ಕೇಳಿಬಂದೊಡನೆ ಹಿಂದಿನ ಹಿರಿಯರ ಕಣ್ಣು ಹೋಗುತ್ತಿದ್ದುದು ಗೋಡೆಯ ಗಡಿಯಾರದತ್ತ. 24 ನಿಮಿಷಕ್ಕೊಂದು ಗಳಿಗೆ, ದಿನವೊಂದಕ್ಕೆ 60 ಗಳಿಗೆ. ಜಾತಕ ಬರೆಯುವಾಗ ಒಂದೂ ತಪ್ಪಬಾರದು. ಈ ಶ್ರದ್ಧೆಯನ್ನು ಕಂಡು ನಗುವುದು ಸುಲಭ. ಆದರೆ ಇಂದಿನ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಒಂದು ಚೀಟಿಗೆ ಆ ಗಳಿಗೆಯ ಹೊರತು ಅರ್ಥವೇ ಇಲ್ಲವೆಂದರೆ ನಗುವವರೂ ಕ್ಷಣಕಾಲ ಸುಮ್ಮನಾಗಬೇಕಾದೀತು.

ಪ್ರೊಕ್ಯಾಲ್ಸಿಟೋನಿನ್ ಎಂಬುದು ಆ ಪರೀಕ್ಷೆಯ ಹೆಸರು. ಆರೋಗ್ಯವಂತ ವಯಸ್ಕರ ರಕ್ತದಲ್ಲಿ ಈ ವಸ್ತು ಅತ್ಯಲ್ಪ, ಮಿಲಿಲೀಟರಿಗೆ 0.1 ನ್ಯಾನೋಗ್ರಾಮಿಗಿಂತ ಕಡಿಮೆ. ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲೇ ನ್ಯಾನೋಗ್ರಾಮ್. ಬ್ಯಾಕ್ಟೀರಿಯಾ ರಕ್ತಕ್ಕಿಳಿದು ನಂಜೇರಿದಾಗ ಇದು ಕೆಲವೇ ಗಂಟೆಗಳಲ್ಲಿ ಹಲವು ಪಟ್ಟು ಏರುತ್ತದೆಂಬುದನ್ನು 1993ರಲ್ಲಿ ಫ್ರಾನ್ಸಿನ ವೈದ್ಯರು ತೋರಿಸಿಕೊಟ್ಟರು. ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಯ ಫಲಿತಾಂಶಕ್ಕೆ ಎರಡು ಮೂರು ದಿನ ಕಾಯಬೇಕು. ನಂಜೇರಿದ ಹಸುಗೂಸಿಗೆ ಅಷ್ಟು ವ್ಯವಧಾನವಿಲ್ಲ.

ಆದರೆ ಹಸುಗೂಸಿನ ರಕ್ತದ ರೀತಿಯೇ ಬೇರೆ. ಯಾವ ರೋಗವೂ ಇಲ್ಲದೆ, ಗರ್ಭದಿಂದ ಹೊರಬಂದ ಮೊದಲ ದಿನ ಅದರಲ್ಲಿ ಈ ವಸ್ತು ತಾನಾಗಿ ಏರುತ್ತದೆ. 24 ಗಂಟೆಗಳ ಹೊತ್ತಿಗೆ ಶಿಖರ ಮುಟ್ಟಿ, ಮೂರನೆಯ ದಿನ ಕಳೆಯುವುದರೊಳಗೆ ಇಳಿದುಬಿಡುತ್ತದೆ. 1998ರಲ್ಲಿ ರೋಮಿನ ವೈದ್ಯರು ಗಂಟೆಗಂಟೆಯ ಲೆಕ್ಕ ಹಿಡಿದು ಇದರ ಪಟ್ಟಿ ಕಟ್ಟಿದರು. ಅದರಂತೆ 18ರಿಂದ 30 ಗಂಟೆಯ ಆರೋಗ್ಯವಂತ ಕೂಸಿನಲ್ಲಿ ಮೇಲಿನ ಮಿತಿ 20ರ ಆಸುಪಾಸು. ಮೂರು ದಿನ ದಾಟಿದ ಮೇಲೆ ಅದೇ ಮಿತಿ 0.5.

ಮುಂಡಗೋಡದ ಬತ್ತದ ಸೀಮೆಯ ಅಜ್ಜಿಯೊಬ್ಬಳು ಮೊಮ್ಮಗುವನ್ನು ಮಡಿಲಲ್ಲಿಟ್ಟುಕೊಂಡು ಸುಮಾರು 50 ಕಿಲೋಮೀಟರು ದೂರದ ಹುಬ್ಬಳ್ಳಿಯ ಆಸ್ಪತ್ರೆಗೆ ಬಂದಿದ್ದಾಳೆಂದು ಊಹಿಸಿಕೊಳ್ಳಬಹುದು. ಚೀಟಿಯಲ್ಲಿ 3 ಎಂಬ ಅಂಕೆ.

“ಅಜ್ಜೀ, ಕೂಸು ಹುಟ್ಟಿ ಎಷ್ಟು ತಾಸಾತು?”

“ನಿನ್ನೆ ದೀಪಾ ಹಚ್ಚೂ ಹೊತ್ತಿಗೆ ಹುಟ್ಟೇತ್ರೀ ಡಾಕ್ಟರ.”

ಆ ದೀಪದ ಹೊತ್ತೇ ನಿರ್ಣಾಯಕ. ಒಂದು ದಿನದ ಕೂಸಿಗೆ 3 ಸಹಜ. ನಾಲ್ಕು ದಿನದ ಕೂಸಿಗೆ ಅದೇ 3 ಅಪಾಯದ ಸೂಚನೆ. ವಯಸ್ಕರ ಅಳತೆಗೋಲಿನಿಂದ ಅಳೆದರೆ ಮೊದಲನೆಯದು ವೃಥಾ ಸೂಜಿ ಚುಚ್ಚಿಸಿಕೊಂಡು, ತಾಯಿಯ ಮಗ್ಗುಲು ಬಿಟ್ಟು ಗಾಜಿನ ಪೆಟ್ಟಿಗೆಯಲ್ಲಿ ಮಲಗಬೇಕು. ಮೊದಲ ದಿನದ ಅಳತೆಯಿಂದ ಅಳೆದರೆ ಎರಡನೆಯದರ ಪ್ರಾಣಕ್ಕೇ ಸಂಚಕಾರ.

ಸರಿಯಾದ ಪಟ್ಟಿ ಕೈಯಲ್ಲಿದ್ದರೆ ಆಗುವ ಲಾಭವೂ ಅಳತೆಗೆ ಸಿಕ್ಕಿದೆ. ನೆದರ್ಲೆಂಡ್ಸ್, ಸ್ವಿಟ್ಜರ್ಲೆಂಡ್, ಕೆನಡಾ ಮತ್ತು ಜೆಕ್ ಗಣರಾಜ್ಯಗಳ 18 ಆಸ್ಪತ್ರೆಗಳಲ್ಲಿ 1,710 ಕೂಸುಗಳ ಮೇಲೆ ನಡೆದ ಪರಿಶೋಧನೆಯ ಫಲ 2017ರಲ್ಲಿ ಪ್ರಕಟವಾಯಿತು. ವಯಸ್ಸಿಗೆ ತಕ್ಕ ಮಿತಿಯನ್ನು ನೋಡಿ ಔಷಧ ನಿಲ್ಲಿಸಿದಲ್ಲಿ ಪ್ರತಿಜೀವಕ ಕೊಡುವ ಅವಧಿ 65 ಗಂಟೆಗಳಿಂದ 55ಕ್ಕೆ ಇಳಿದಿತ್ತು. ಹತ್ತು ಗಂಟೆಯೇನು ಮಹಾ ಎನ್ನುವವರು ಬಾಣಂತಿಯನ್ನು ಕೇಳಿ ನೋಡಬೇಕು.

ಆದರೆ ‘ಸಹಜ’ವನ್ನು ಗೊತ್ತುಮಾಡುವುದು ಸುಲಭದ ಕೆಲಸವಲ್ಲ. ಅದಕ್ಕೆ ಆರೋಗ್ಯವಾಗಿರುವ ಕೂಸುಗಳ ರಕ್ತವೇ ಬೇಕು. ನಗುವ ಕೂಸಿನ ಹಿಮ್ಮಡಿ ಚುಚ್ಚಲು ಯಾವ ತಾಯಿ ಒಪ್ಪಿಯಾಳು? ದಿನ ತುಂಬದೆ ಹುಟ್ಟಿದವುಗಳ ಏರಿಳಿತವೂ ಬೇರೆ; ಅವುಗಳಿಗಾಗಿ ಜಪಾನಿನ ವೈದ್ಯರು 2016ರಲ್ಲಿ ಪ್ರತ್ಯೇಕ ರೇಖೆಯನ್ನೇ ಎಳೆಯಬೇಕಾಯಿತು. 2.5 ಕಿಲೋಗ್ರಾಮಿಗೂ ಕಡಿಮೆ ತೂಕದ ಕೂಸುಗಳು ಬಹಳವಾಗಿ ಹುಟ್ಟುವ ಈ ನಾಡಿನಲ್ಲಿ, ರೋಮಿನ ಪಟ್ಟಿಯನ್ನು ಇಲ್ಲಿಯ ತೊಟ್ಟಿಲಿಗೆ ತೂಗುಹಾಕುವ ಮುನ್ನ ಯೋಚಿಸುವುದು ವಿವೇಕ.

ಅಂಕೆಗೂ ಮಿತಿಯುಂಟು. ಹಾಲು ಬಿಟ್ಟ, ಮೈ ತಣ್ಣಗಾದ, ಏದುಸಿರು ಬಿಡುವ ಕೂಸಿನ ಮುಂದೆ ಯಾವ ಪಟ್ಟಿಯೂ ದೊಡ್ಡದಲ್ಲ. ಅಲ್ಲಿ ಚಿಕಿತ್ಸೆಯೇ ಮೊದಲು. ಉಳಿದಂತೆ, ಮುಂಡಗೋಡದಿಂದ ದೊಡ್ಡ ಆಸ್ಪತ್ರೆಗೆ ಹೊರಡುವ ತಾಯಿಯ ಕೈಚೀಲದಲ್ಲಿ ಮೂರು ಸಂಗತಿ ಬರೆದ ಒಂದು ಕಾಗದವಿದ್ದರೆ ಸಾಕು: ಹುಟ್ಟಿದ ಹೊತ್ತು, ಹುಟ್ಟಿದಾಗಿನ ತೂಕ, ತುಂಬಿದ ವಾರಗಳು. ಜಾತಕ ಆಮೇಲೆ ಬರೆಸಿದರಾಯಿತು.